ಗುಡ್ಡ ಹತ್ತುವ ಮುಂಚೆ ಇಳಿಯುವ ಹೊತ್ತು ನೋಡಿ

ನವೆಂಬರ್ ಕೊನೆಯ ವಾರ. ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬಲಗಾಲಿಗೆ ಬೂಟು, ಎಡಗಾಲಿಗೆ ಹವಾಯಿ ಚಪ್ಪಲಿ. ಎಡ ಪಾದದ ಕೀಲು ಹೊರಬದಿಗೆ ಊದಿ ನೀಲಿಗಟ್ಟಿತ್ತು. ಬ್ಯಾಂಕ್ ನೌಕರರು, ವಯಸ್ಸು ನಲವತ್ತರ ಮೇಲೆ. ಸಂಜೆ ಕೆಲಸ ಮುಗಿಸಿ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಓಡಲು ಹೋಗುವವರು.

"ಹತ್ತೋ ಮುಂದ ಏನೂ ಆಗಲಿಲ್ರಿ ಡಾಕ್ಟ್ರೇ. ಇಳಿಯೋ ಮುಂದ ಕಾಲು ಹೊಳ್ಳಿತ್ರಿ."

"ಎಷ್ಟು ಗಂಟೆಗ್ರಿ?"

"ಆರೂ ಇಪ್ಪತ್ತು ಆಗಿತ್ತೇನೋ."

ನಾನು ಫಿಸಿಯೋಥೆರಪಿಸ್ಟ್. ಓಡಿ ಕಾಲು ಉಳುಕಿಸಿಕೊಂಡು ಬಂದವರಿಗೆ ಮೊದಲು ಕೇಳುವುದು ಇದನ್ನೇ, ಎಷ್ಟು ಗಂಟೆಗೆ ಅಂತ. ಎಷ್ಟು ಕಿಲೋಮೀಟರ್ ಅನ್ನುವುದು ಆಮೇಲೆ. ಸಂಜೆ ಗುಡ್ಡದಲ್ಲಿ ಬಿದ್ದವರ ಮಾತು ಕೇಳಿದರೆ ಬಹಳ ಸಲ ಒಂದೇ ಕಥೆ. ಹತ್ತಿದ್ದು ಚೆನ್ನಾಗಿಯೇ ಆಗಿರುತ್ತದೆ. ತುದಿಯಲ್ಲಿ ಸ್ವಲ್ಪ ನಿಂತಿರುತ್ತಾರೆ. ನೃಪತುಂಗ ಬೆಟ್ಟದ ಮೇಲಿಂದ ಅಮರಗೋಳದಿಂದ ವಿಮಾನ ನಿಲ್ದಾಣದವರೆಗೆ ಊರು ಕಾಣುತ್ತದೆ, ಸೂರ್ಯ ಮುಳುಗುವ ಹೊತ್ತಿಗೆ ಅದನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಎರಡು ಫೋಟೋ ತೆಗೆಯುತ್ತಾರೆ. ಆಮೇಲೆ ಕತ್ತಲಾಗುತ್ತದೆ ಅಂತ ಅವಸರದಲ್ಲಿ ಇಳಿಯುತ್ತಾರೆ.

ಆ ಕೊನೆಯ ಕಾಲು ಗಂಟೆಯಲ್ಲಿ ಮೈಯೊಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ಅರ್ಧ ಗಾಯ ತಪ್ಪಿಸಬಹುದು.

ಬಾವಿಗೆ ಕೊಡ ಇಳಿಸುವುದನ್ನು ನೆನಪು ಮಾಡಿಕೊಳ್ಳಿ. ಹಗ್ಗವನ್ನು ಬಿಗಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತೇವೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಮಾಡುವುದು ಅದೇ ಕೆಲಸ. ಮೈಭಾರ ಹೊತ್ತುಕೊಂಡು, ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕು. ಸ್ನಾಯುವಿನ ಎಳೆಗಳಿಗೆ ಇದರಿಂದ ಆಗುವ ಪೆಟ್ಟು ಏರುವಾಗ ಆಗುವುದಕ್ಕಿಂತ ಜಾಸ್ತಿ. ಗುಡ್ಡ ಇಳಿದ ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದಲ್ಲ, ಅದಕ್ಕೆ ಕಾರಣ ಇದೇ. ಆ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ, ಆಮೇಲೆ ತಾನೇ ಇಳಿಯುತ್ತದೆ.

ತೊಂದರೆ ಇರುವುದು ಇನ್ನೊಂದು ಕಡೆ. ಏರುವಾಗ ಉಸಿರು ಕಟ್ಟುತ್ತದೆ, ಎದೆ ಬಡಿದುಕೊಳ್ಳುತ್ತದೆ, ನಾವೇ ನಿಧಾನ ಮಾಡುತ್ತೇವೆ. ಇಳಿಯುವಾಗ ಉಸಿರು ಹಗುರ, ಎದೆ ಬಡಿತ ಕಮ್ಮಿ. ಆರಾಮಾಗಿದ್ದೇನೆ ಅನಿಸುತ್ತದೆ. ತೊಡೆ ಮಾತ್ರ ದಣಿಯುತ್ತಲೇ ಇರುತ್ತದೆ, ಹೆಜ್ಜೆಯ ಹಿಡಿತ ಸಡಿಲವಾಗುತ್ತದೆ. ಇದರ ಮೇಲೆ ಇಡೀ ದಿನ ಲೆಕ್ಕಪತ್ರ ನೋಡಿದ ತಲೆ ಬೇರೆ. ತಲೆ ದಣಿದವರಿಗೆ ಅದೇ ಓಟ ಜಾಸ್ತಿ ಕಷ್ಟ ಅನಿಸುತ್ತದೆ, ಗಮನ ಬೇಗ ಜಾರುತ್ತದೆ.

ಈಗ ಕಣ್ಣಿನ ವಿಷಯ. ಬೆಳಕಿನಲ್ಲಿ ನೋಡುವ ಕೋಶಗಳು ಬೇರೆ, ಕತ್ತಲಲ್ಲಿ ನೋಡುವ ಕೋಶಗಳು ಬೇರೆ. ಮುಸ್ಸಂಜೆಯಲ್ಲಿ ಮೊದಲನೆಯವಕ್ಕೆ ಬೆಳಕು ಸಾಲದು, ಎರಡನೆಯವು ಇನ್ನೂ ಪೂರ್ತಿ ಸಿದ್ಧವಾಗಿರುವುದಿಲ್ಲ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ಫೋನ್ ಪರದೆ ನೋಡಿದರೆ ಹೊಂದಿಕೊಂಡದ್ದು ಹಾಳಾಗುತ್ತದೆ. ನಮ್ಮ ಗುಡ್ಡಗಳ ಗರಸು ಮಣ್ಣಿನ ಮೇಲೆ ಆ ಹೊತ್ತಿನಲ್ಲಿ ಕಲ್ಲು, ಮಣ್ಣು, ತಗ್ಗು ಎಲ್ಲ ಒಂದೇ ಬಣ್ಣವಾಗಿ ಕಾಣುತ್ತವೆ. ನಲವತ್ತು ದಾಟಿದವರಿಗೆ ಒಂದು ಮಾತು: ಓದುವ ಭಾಗ ಕೆಳಗಿರುವ ಕನ್ನಡಕ ಹಾಕಿಕೊಂಡು ಇಳಿಜಾರಿನಲ್ಲಿ ಓಡಬೇಡಿ. ಕಾಲಿನ ಮುಂದಿನ ನೆಲ ಅದೇ ಗಾಜಿನ ಮೂಲಕ ಮಸುಕಾಗುತ್ತದೆ. ಬರೀ ದೂರದ ನೋಟದ ಕನ್ನಡಕ ಒಂದು ಮಾಡಿಸಿಕೊಳ್ಳಿ. ನಮ್ಮ ಬ್ಯಾಂಕಿನವರ ಕಣ್ಣಿಗಿದ್ದದ್ದೂ ಆ ಎರಡು ನೋಟದ ಕನ್ನಡಕವೇ.

ನಮ್ಮ ಕಡೆ ಕತ್ತಲು ಬರುವುದೂ ಬೇಗ. ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಸಂಜೆಬೆಳಕು ಬಹಳ ಹೊತ್ತು ನಿಲ್ಲುತ್ತದೆ. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಇಳಿಯುತ್ತಾನೆ. ಮುಳುಗಿದ ಮೇಲೆ ದೀಪವಿಲ್ಲದೆ ನೆಲ ಕಾಣುವ ಬೆಳಕು 20–25 ನಿಮಿಷ, ಅಷ್ಟೇ. ಗುಡ್ಡದ ಪೂರ್ವದ ಬದಿಯಲ್ಲಿ, ಗಿಡಗಳ ನಡುವೆ ಇನ್ನೂ ಕಮ್ಮಿ.

ಬಹಳ ಜನ ಡಿಸೆಂಬರ್ 21ರ ಆಸುಪಾಸಿನಲ್ಲೇ ಸೂರ್ಯ ಅತಿ ಬೇಗ ಮುಳುಗುತ್ತಾನೆ ಅಂದುಕೊಂಡಿದ್ದಾರೆ. ಅತಿ ಚಿಕ್ಕ ಹಗಲು ಆಗ, ನಿಜ. ಆದರೆ ನಮ್ಮಲ್ಲಿ ಅತಿ ಬೇಗದ ಸೂರ್ಯಾಸ್ತ ನವೆಂಬರ್ ಕೊನೆಯ ವಾರದ ಸುತ್ತ, ಸಂಜೆ 6ಕ್ಕೆ ಸ್ವಲ್ಪ ಮುಂಚೆ. ಮಾರ್ಚ್ ಹೊತ್ತಿಗೆ 6.40ರ ಆಸುಪಾಸು. ಜುಲೈ ಮೊದಲ ವಾರದಲ್ಲಿ 7 ದಾಟುತ್ತದೆ, ಆದರೆ ಆಗ ಮಳೆಮೋಡ ಆ ಬೆಳಕನ್ನು ಕಿತ್ತುಕೊಂಡಿರುತ್ತದೆ.

ಹಾಗಾಗಿ ನಾನು ಹೇಳುವ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ಸೂರ್ಯ ಮುಳುಗುವಾಗ ನಿಮ್ಮ ಕಾಲು ಗುಡ್ಡದ ಬುಡದಲ್ಲಿ, ಸಪಾಟು ನೆಲದ ಮೇಲಿರಬೇಕು. ಇಳಿಯಲು ಎಷ್ಟು ಹೊತ್ತು ಬೇಕು? ಹೊಸಬರು ಹತ್ತಲು ತೆಗೆದುಕೊಂಡಷ್ಟೇ ಹೊತ್ತು ಇಳಿಯಲೂ ಇಟ್ಟುಕೊಳ್ಳಿ, ಜೊತೆಗೆ ಐದು ನಿಮಿಷ. ಸೂರ್ಯಾಸ್ತ 6.40ಕ್ಕಿದ್ದು ಇಳಿಯಲು 20 ನಿಮಿಷ ಬೇಕಿದ್ದರೆ 6.15ಕ್ಕೆ ಹೊಳ್ಳಬೇಕು. ಎಲ್ಲಿದ್ದರೂ ಸರಿ, ತುದಿ ಕಣ್ಣೆದುರಿಗೆ ಇದ್ದರೂ ಸರಿ. ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಅದು ಕೂಗಿದ ಕಡೆಯಿಂದಲೇ ತಿರುಗಿ. ನವೆಂಬರ್, ಡಿಸೆಂಬರ್‌ನಲ್ಲಿ ಐದೂವರೆಗೆ ಆಫೀಸು ಬಿಡುವವರಿಗೆ ಈ ಲೆಕ್ಕದಲ್ಲಿ ಗುಡ್ಡ ಸಿಗುವುದೇ ಇಲ್ಲ. ಆ ಎರಡು ತಿಂಗಳು ವಾರದ ದಿನಗಳಲ್ಲಿ ಉಣಕಲ್ ಕೆರೆಯ ಕಡೆಗೋ ಮೈದಾನಕ್ಕೋ ಹೋಗಿ, ಗುಡ್ಡವನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಬೇಸರ ಆಗುತ್ತದೆ, ಗೊತ್ತು. ನಾನೂ ಓಡುವವನೇ. ನನ್ನ ಬಲ ಅಂಗೈಯಲ್ಲಿ ಒಂದು ಡಿಸೆಂಬರ್ ಸಂಜೆಯ ಗುರುತು ಇನ್ನೂ ಇದೆ.

ಗದಗಿನ ಕಡೆಯ ಗೆಳೆಯರು ಕಪ್ಪತಗುಡ್ಡದ ಬಗ್ಗೆ ಕೇಳುತ್ತಾರೆ. ಅದು 2019ರಲ್ಲಿ ವನ್ಯಜೀವಿ ಧಾಮವಾಗಿದೆ. ತೋಳ, ಕತ್ತೆಕಿರುಬ, ಚಿರತೆ ಇರುವ ಜಾಗ, ಸಂಜೆಯ ಹೊತ್ತು ಅವುಗಳದ್ದು. ಅಲ್ಲಿ ಸಂಜೆ ಓಟ ಬೇಡವೇ ಬೇಡ. ಹಗಲಿನಲ್ಲಿ ಹೋಗುವುದಾದರೂ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ.

ಇಳಿಯುವ ರೀತಿಯೂ ಮುಖ್ಯ. ಹೆದರಿಕೆಗೆ ನಾವು ಮೈಯನ್ನು ಹಿಂದಕ್ಕೆ ವಾಲಿಸಿ, ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರುತ್ತೇವೆ. ಗರಸಿನ ಮೇಲೆ ಹಿಮ್ಮಡಿ ಜಾರುವುದೇ ಆಗ. ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ. ಮೊಣಕಾಲು ಸ್ವಲ್ಪ ಮಡಚಿರಲಿ, ಪಾದ ಸೊಂಟದ ಕೆಳಗೇ ಬೀಳಲಿ. ಕೈಗಳನ್ನು ಸ್ವಲ್ಪ ಅಗಲಿಸಿ. ನೋಟ ಬೂಟಿನ ಮೇಲಲ್ಲ, ನಾಲ್ಕೈದು ಹೆಜ್ಜೆ ಮುಂದಿರಲಿ. ಎಲ್ಲಿ ಅನುಮಾನವೋ ಅಲ್ಲಿ ನಡೆಯಿರಿ. ನಡೆದರೆ ಓಟ ಕೆಡುವುದಿಲ್ಲ.

ತೊಡೆಗೆ ಅಭ್ಯಾಸ ಮನೆಯಲ್ಲೇ ಕೊಡಬಹುದು. ವಾರಕ್ಕೆ ಎರಡು ಸಲ ಮೆಟ್ಟಿಲನ್ನು ನಿಧಾನವಾಗಿ ಇಳಿಯಿರಿ, ಒಂದೊಂದು ಮೆಟ್ಟಿಲಿಗೆ ಮೂರು ಎಣಿಸುತ್ತಾ. ಒಮ್ಮೆ ಇಳಿಜಾರಿಗೆ ನೊಂದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದರೆ ಅದು ಕಲಿಯುತ್ತದೆ.

ಚೀಲದಲ್ಲಿ ಒಂದು ಚಿಕ್ಕ ಟಾರ್ಚ್ ಇರಲೇಬೇಕು. ತಲೆಗೆ ಕಟ್ಟುವುದಕ್ಕಿಂತ ಸೊಂಟಕ್ಕೆ ಕಟ್ಟಿದರೆ ನನಗೆ ಇಷ್ಟ. ಬೆಳಕು ಕಣ್ಣಿನ ಹತ್ತಿರದಿಂದ ಬಿದ್ದರೆ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ, ನೆಲ ಚಪ್ಪಟೆಯಾಗಿ ಕಾಣುತ್ತದೆ. ಕೆಳಗಿನಿಂದ ಬಿದ್ದರೆ ನೆರಳು ಕಾಣುತ್ತದೆ, ಕಲ್ಲೂ ತಗ್ಗೂ ತಿಳಿಯುತ್ತವೆ. ಹಾವು ಹರಿದಾಡುವ ಹೊತ್ತೂ ಅದೇ ಆದ್ದರಿಂದ ಟಾರ್ಚ್ ಅದಕ್ಕೂ ಬೇಕು. ನಾಲ್ಕೂವರೆಗೆ ಒಂದು ಬಾಳೆಹಣ್ಣು ಅಥವಾ ಒಂದು ತುಂಡು ಶೇಂಗಾ ಚಿಕ್ಕಿ ತಿಂದಿರಿ. ಮಧ್ಯಾಹ್ನದ ರೊಟ್ಟಿ ಊಟದ ಮೇಲೆ ಸಂಜೆ ಆರರವರೆಗೆ ಏನೂ ತಿನ್ನದೆ ಓಡಿದರೆ ಕೈಕಾಲು ಸೋಲುತ್ತವೆ.

ಇಷ್ಟಾದರೂ ಕಾಲು ಹೊರಳಿತು ಅನ್ನಿ. ಸಾಮಾನ್ಯವಾಗಿ ಪಾದ ಒಳಕ್ಕೆ ಮಡಚಿ ಹೊರಬದಿಯ ಕಟ್ಟುನಾರು ಎಳೆಯುತ್ತದೆ. ಕೂತುಕೊಳ್ಳಿ, ಆಮೇಲೆ ಮೆಲ್ಲಗೆ ನಾಲ್ಕು ಹೆಜ್ಜೆ ಇಟ್ಟು ನೋಡಿ. ಭಾರ ಹಾಕಿ ನಾಲ್ಕು ಹೆಜ್ಜೆ ಆಗದಿದ್ದರೆ, ಅಥವಾ ಕೀಲಿನ ಎರಡೂ ಬದಿಗೆ ಉಬ್ಬಿರುವ ಎಲುಬಿನ ಹಿಂಬದಿ ಇಲ್ಲವೇ ತುದಿ ಒತ್ತಿದರೆ ಜೋರು ನೋವಾದರೆ ಎಕ್ಸ್‌ರೇ ಬೇಕೇಬೇಕು. ನಮ್ಮಲ್ಲಿ ಉಳುಕು ತಿಕ್ಕಿಸುವ ರೂಢಿ ಇದೆ. ಮೊದಲ ಎರಡು ಮೂರು ದಿನ ದಯವಿಟ್ಟು ಬಿಸಿ ಎಣ್ಣೆ ಹಾಕಿ ತಿಕ್ಕಿಸಬೇಡಿ, ಊತ ಜಾಸ್ತಿಯಾಗುತ್ತದೆ. ಎಲುಬು ಮುರಿದಿದ್ದರೆ ಇನ್ನೂ ಅಪಾಯ. ಬಟ್ಟೆಯಲ್ಲಿ ಸುತ್ತಿದ ಐಸು, ಪಟ್ಟಿ, ಕಾಲನ್ನು ಎತ್ತರಕ್ಕೆ ಇಡುವುದು, ಇಷ್ಟು ಸಾಕು. ಆದರೆ ಮೂರು ವಾರ ಹಾಸಿಗೆಯಲ್ಲೇ ಇರುವುದೂ ತಪ್ಪು. ಎಲುಬು ಸರಿ ಇದ್ದರೆ ಬೇಗ ಮೆಲ್ಲಗೆ ಆಡಿಸಲು ಶುರು ಮಾಡಬೇಕು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಜಾಸ್ತಿ, ಅದನ್ನು ತಗ್ಗಿಸುವುದು ಸಮತೋಲನದ ಅಭ್ಯಾಸ. ಹಲ್ಲುಜ್ಜುವಾಗ ಒಂದೇ ಕಾಲಿನ ಮೇಲೆ ನಿಲ್ಲಿ. ಅದು ಸುಲಭವಾದ ಮೇಲೆ ಗೋಡೆಯ ಪಕ್ಕ ನಿಂತು ಕಣ್ಣು ಮುಚ್ಚಿ ಮಾಡಿ.

ಬ್ಯಾಂಕಿನವರು ಮೂರು ತಿಂಗಳು ಇದನ್ನು ಬಿಡದೆ ಮಾಡಿದರು. ಮೊನ್ನೆ ಮತ್ತೆ ಬೆಟ್ಟಕ್ಕೆ ಹೋಗಿದ್ದರಂತೆ.

"ಆರೂ ಹತ್ತಕ್ಕ ಅಲಾರಂ ಹೊಡೀತ್ರಿ. ಮ್ಯಾಲೆ ಇನ್ನೊಂದೀಟೇ ಉಳದಿತ್ತು. ಹೊಳ್ಳಿ ಬಂದೆ."

ಎಡಗಾಲು ಒತ್ತಿ ನೋಡಿದೆ. ಊತ ಇರಲಿಲ್ಲ.