ಫೈಬರ್ ಕ್ಯಾಪ್ ಗಟ್ಟಿನಾ? ಮೊದಲು ಹಲ್ಲು ಎಷ್ಟು ಉಳಿದಿದೆ ನೋಡೋಣ

ಬಾಯಿಯ ಮುಂಭಾಗದ ಹಲ್ಲಿಗೆ ರೂಟ್ ಕೆನಾಲ್ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ. "ಫೈಬರ್ ಹಾಕಿದ ಕಾಂಪೋಸಿಟ್ ಕ್ಯಾಪ್ ಗಟ್ಟಿ ಇರುತ್ತಾ ಡಾಕ್ಟ್ರೇ?" ಕಾಂಪೋಸಿಟ್ ಅಂದರೆ ಹಲ್ಲಿನ ಬಣ್ಣದ ತುಂಬುವ ವಸ್ತು, ಫೈಬರ್ ಅಂದರೆ ಗಾಜಿನ ಎಳೆಗಳು. ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಗೆರೆ ಹಾಕಿದ ಪ್ರೋಬ್ ಇಟ್ಟು, ವಸಡಿನ ಮೇಲೆ ಹುಳುಕಿಲ್ಲದ ಹಲ್ಲು ಎಷ್ಟು ಉಳಿದಿದೆ ಅಂತ ಅಳೆಯುತ್ತೇನೆ. ಸುತ್ತಲೂ 2 ಮಿಲಿಮೀಟರ್ ಸಿಕ್ಕರೆ ಅರ್ಧ ಚಿಂತೆ ಕಳೆದ ಹಾಗೆ. ಆ ಗೋಡೆಯನ್ನು ಕ್ಯಾಪ್ ಸುತ್ತುವರಿದು ಹಿಡಿದುಕೊಳ್ಳುತ್ತದೆ. ಇದನ್ನೇ ನಾವು ಫೆರೂಲ್ ಅನ್ನುವುದು. ಅದಿಲ್ಲದಿದ್ದರೆ ಎಂಥ ಫೈಬರ್ ಹಾಕಿದರೂ ಭಾರವೆಲ್ಲ ಪೋಸ್ಟ್ (ಬೇರಿನೊಳಗೆ ಅಂಟಿಸಿ ಕೂರಿಸುವ ಕಡ್ಡಿ) ಮೇಲೆ, ಅಂಟಿನ ಮೇಲೆ.

ಸುತ್ತಲೂ ಸಿಗದಿದ್ದರೆ, ಮೇಲಿನ ಹಲ್ಲಿನಲ್ಲಿ ಅಂಗುಳಿನ ಕಡೆಯ ಗೋಡೆಯಾದರೂ ಇರಲಿ ಅಂತ ನೋಡುತ್ತೇನೆ. ಕಚ್ಚುವಾಗ ಕೆಳಗಿನ ಹಲ್ಲುಗಳು ಮೇಲಿನದನ್ನು ಒಳಗಿನಿಂದ ಹೊರಕ್ಕೆ, ಓರೆಯಾಗಿ ತಳ್ಳುತ್ತವೆ. ಆಗ ಎಳೆತ ಬೀಳುವುದು ಅಂಗುಳಿನ ಕಡೆಗೇ.

"ರೂಟ್ ಕೆನಾಲ್ ಆದ ಹಲ್ಲು ಒಣಗಿ ಪುಡಿಯಾಗುತ್ತದೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೇವಾಂಶದಲ್ಲಿ ದೊಡ್ಡ ವ್ಯತ್ಯಾಸ ಏನೂ ಇಲ್ಲ. ಹಲ್ಲು ದುರ್ಬಲವಾಗುವುದು ಹುಳುಕಿನಿಂದಲೋ ಪೆಟ್ಟಿನಿಂದಲೋ ಅದರ ಭಾಗವೇ ಹೋದಾಗ. ಹಾಗಾಗಿ ಹಲ್ಲಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿದ್ದರೆ, ಮುಂದಿನ ಹಲ್ಲಿಗೆ ಕ್ಯಾಪೂ ಬೇಡ, ಪೋಸ್ಟೂ ಬೇಡ. ಕಾಂಪೋಸಿಟ್ ತುಂಬಿದರೆ ಸಾಕು. ಪೋಸ್ಟ್ ಇರುವುದು ಮೇಲಿನ ಕಟ್ಟಡಕ್ಕೆ ಹಿಡಿತ ಕೊಡಲು. ಅದು ಬೇರಿಗೆ ಬಲ ಕೊಡುವುದಿಲ್ಲ. ಅದಕ್ಕಾಗಿ ಬೇರನ್ನು ಜಾಸ್ತಿ ಕೊರೆದರೆ ಇರುವ ಬಲವೂ ಹೋಗುತ್ತದೆ.

ಹಾಗಾದರೆ ಫೈಬರ್ ಯಾಕೆ? ಅದು ಬಾಗುವ ರೀತಿಗಾಗಿ. ಹಲ್ಲಿನ ಒಳಪದರವಾದ ಡೆಂಟಿನ್‌ನ ಬಿಗುಪು, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 18 ಗಿಗಾಪ್ಯಾಸ್ಕಲ್. ಗಾಜಿನ ಫೈಬರ್ ಪೋಸ್ಟ್ ಅದರ ಆಸುಪಾಸಿನಲ್ಲೋ ಸ್ವಲ್ಪ ಮೇಲೋ ಇರುತ್ತದೆ. ಸ್ಟೀಲ್ 200ರ ಹತ್ತಿರ. ಹಲ್ಲು ಬಾಗಿದರೂ ಸ್ಟೀಲ್ ಬಾಗದು, ಒತ್ತಡವೆಲ್ಲ ಬೇರಿನೊಳಗೆ ಒಂದೇ ಕಡೆ ಕೂಡುತ್ತದೆ. ಬೇರು ಉದ್ದಕ್ಕೆ ಸೀಳಿತೋ, ಹಲ್ಲು ಕೀಳಿಸುವುದೇ ಗತಿ. ಫೈಬರ್ ಆದರೆ ಹೆಚ್ಚಾಗಿ ಅಂಟು ಬಿಡುತ್ತದೆ, ಇಲ್ಲವೇ ವಸಡಿನ ಮೇಲೆ ಮುರಿಯುತ್ತದೆ. ಮತ್ತೆ ಕಟ್ಟಬಹುದು. ಎಷ್ಟು ನ್ಯೂಟನ್ ಬಲಕ್ಕೆ ಮುರಿಯಿತು ಅನ್ನುವುದಕ್ಕಿಂತ ಹೇಗೆ ಮುರಿಯಿತು ಅನ್ನುವುದೇ ನನಗೆ ಮುಖ್ಯ. ಪ್ರಯೋಗಾಲಯದ ಎಷ್ಟೋ ಪರೀಕ್ಷೆಗಳಲ್ಲಿ ಹಲ್ಲನ್ನು ಒಂದೇ ಸಲ, ಮುರಿಯುವ ತನಕ ಒತ್ತುತ್ತಾರೆ. ಬಾಯಲ್ಲಿ ಹಾಗಾಗುತ್ತಾ? ಸಣ್ಣ ಸಣ್ಣ ಒತ್ತಡ, ಲಕ್ಷಗಟ್ಟಲೆ ಸಲ, ಅದೂ ಒದ್ದೆಯಲ್ಲಿ.

ಫೈಬರ್‌ಗೆ ದಿಕ್ಕು ಮುಖ್ಯ. ಬಿದಿರನ್ನು ಅಡ್ಡ ಮುರಿಯುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ ಅಲ್ವಾ, ಒಂದೇ ದಿಕ್ಕಿನ ಎಳೆಗಳೂ ಹಾಗೇ. ಅದಕ್ಕೇ ಎಳೆತ ಬೀಳುವ ಕಡೆಗೆ ಅವನ್ನು ಕೂರಿಸಬೇಕು. ತುಂಡು ಎಳೆಗಳಿರುವ ಕಾಂಪೋಸಿಟ್‌ನಲ್ಲಿ ಅವು ಎಲ್ಲ ದಿಕ್ಕಿಗೂ ಹರಡಿರುತ್ತವೆ, ಓಡುವ ಬಿರುಕನ್ನು ತಡೆಯುತ್ತವೆ. ಆದರೆ ಅದರ ಮೇಲ್ಮೈ ಒರಟು, ಪಾಲಿಶ್ ನಿಲ್ಲುವುದಿಲ್ಲ. ಮೇಲೊಂದು ಪದರ ಮಾಮೂಲಿ ಕಾಂಪೋಸಿಟ್ ಹಾಕಲೇಬೇಕು.

ಕೈಗೆಲಸದಲ್ಲೂ ಎಷ್ಟೋ ಬಲ ಸೋರಿಹೋಗುತ್ತದೆ. ಪೋಸ್ಟನ್ನು ಕಟರ್‌ನಿಂದ ಚಿವುಟಿದರೆ ತುದಿಯಲ್ಲಿ ಎಳೆಗಳು ಜಜ್ಜಿ ಪೊರಕೆಯಂತೆ ಬಿಚ್ಚಿಕೊಳ್ಳುತ್ತವೆ. ನೀರು ಹಾಯಿಸುತ್ತಾ ಡೈಮಂಡ್ ಬರ್‌ನಿಂದ ಕತ್ತರಿಸಬೇಕು. ಕತ್ತರಿಸಿದ ತುದಿ ಕಾಂಪೋಸಿಟ್ ಒಳಗೆ ಮುಚ್ಚಿಹೋಗಬೇಕು, ಬಾಯಿಗೆ ತೆರೆದುಕೊಂಡರೆ ಎಂಜಲು ಹೀರುತ್ತದೆ. ಬೇರಿನ ತುದಿಯಲ್ಲಿ 4ರಿಂದ 5 ಮಿಲಿಮೀಟರ್ ಗಟ್ಟಾಪರ್ಚಾ (ರೂಟ್ ಕೆನಾಲ್‌ನಲ್ಲಿ ತುಂಬಿದ ರಬ್ಬರಿನಂಥ ವಸ್ತು) ಉಳಿಯಲಿ. ಅದರ ಜೊತೆ ಹಾಕುವ ಸೀಲರ್ ಅನ್ನುವ ಪೇಸ್ಟ್ ಮಾತ್ರ ಪೋಸ್ಟ್ ಕೂರುವ ಗೋಡೆಗೆ ಮೆತ್ತಿಕೊಂಡು ಉಳಿಯಬಾರದು. ಉಳಿದರೆ ಅಂಟು ಹಿಡಿಯದು.

ಹಲ್ಲು ಕಡಿಯುವ ಅಭ್ಯಾಸವಿದ್ದವರಿಗೆ, ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ಮುಚ್ಚುವಂತೆ ಕಚ್ಚುವವರಿಗೆ ನಾನು ಈ ಕ್ಯಾಪನ್ನು ಸುಮ್ನೆ ಹಾಕಿ ಕಳಿಸುವುದಿಲ್ಲ. ಕಚ್ಚುವ ಕಾಗದ ಇಟ್ಟು, ದವಡೆ ಮುಂದಕ್ಕೆ ಜಾರಿಸಲು ಹೇಳುತ್ತೇನೆ. ಕ್ಯಾಪಿನ ಹಿಂದೆ ಒಂದೇ ಕಡೆ ದಪ್ಪ ಗುರುತು ಬಿದ್ದರೆ ಅಲ್ಲಿ ಉಜ್ಜಿ, ಪಕ್ಕದ ಹಲ್ಲುಗಳಿಗೂ ಭಾರ ಹಂಚಿಹೋಗುವ ತನಕ ಸರಿಮಾಡುತ್ತೇನೆ. ಕಡಿಯುವವರಿಗೆ ರಾತ್ರಿ ಹಾಕಿಕೊಳ್ಳಲು ಗಾರ್ಡ್ ಕೂಡ ಮಾಡಿಸುತ್ತೇನೆ.