ವಿಕಿಪೀಡಿಯದಲ್ಲಿ ಹೆಸರಿಲ್ಲದೆ ಬರೆದವರು ಯಾರು? ಐಪಿ ಎಷ್ಟು ಹೇಳುತ್ತದೆ?

ವಿಕಿಪೀಡಿಯದ ಯಾವುದಾದರೂ ಹಳೆಯ ಲೇಖನ ತೆರೆದು ‘ಇತಿಹಾಸ ನೋಡಿ’ ಒತ್ತಿ. ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ಕೆಲವು ಕಡೆ ಹೆಸರಿನ ಜಾಗದಲ್ಲಿ 203.0.113.45 ಥರದ ಅಂಕಿ ಇರುತ್ತದೆ. (ಈ ವಿಳಾಸ ಯಾರದ್ದೂ ಅಲ್ಲ, ಉದಾಹರಣೆ ಕೊಡಲೆಂದೇ ತೆಗೆದಿಟ್ಟದ್ದು.) ಖಾತೆಯಿಲ್ಲದೆ ಬರೆದವರ ಐಪಿ ಅದು, ಅಂದರೆ ಅವರು ಬಳಸಿದ ಇಂಟರ್ನೆಟ್ ಸಂಪರ್ಕದ ವಿಳಾಸ. ಹೂಈಸ್ (Whois) ಎಂಬ ಸಾರ್ವಜನಿಕ ದಾಖಲೆಯ ಹುಡುಕಾಟದಲ್ಲಿ ಹಾಕಿದರೆ ಆ ಐಪಿ ಯಾವ ಸಂಸ್ಥೆಯದ್ದು ಅಂತ ಸಿಗುತ್ತದೆ. ಕೀಬೋರ್ಡ್ ಮುಂದೆ ಕೂತಿದ್ದವರು ಯಾರು ಅಂತ ಸಿಗುವುದಿಲ್ಲ.

ನನಗೆ ಈ ವ್ಯತ್ಯಾಸ ಮನಸ್ಸಿಗೆ ಇಳಿದಿದ್ದು 2005ರ ಸೀಗೆಂಥಾಲರ್ ಪ್ರಕರಣ ಓದಿದಾಗ. ಜಾನ್ ಸೀಗೆಂಥಾಲರ್ ಅಮೆರಿಕದ ಹಿರಿಯ ಪತ್ರಕರ್ತರು, ಹಿಂದೆ ಅಧ್ಯಕ್ಷ ಜಾನ್ ಕೆನಡಿಯ ತಮ್ಮ ರಾಬರ್ಟ್ ಕೆನಡಿ ಜೊತೆ ಕೆಲಸ ಮಾಡಿದ್ದವರು. ಈ ಇಬ್ಬರು ಕೆನಡಿ ಸೋದರರ ಹತ್ಯೆಯಲ್ಲಿ ಇವರ ಕೈವಾಡದ ಅನುಮಾನವಿತ್ತು ಅಂತ ಆ ಮೇ ತಿಂಗಳಲ್ಲಿ ಯಾರೋ ಅವರ ಪುಟದಲ್ಲಿ ಸುಳ್ಳು ಬರೆದರು. ನಾಲ್ಕು ತಿಂಗಳಿಗೂ ಜಾಸ್ತಿ ಅದು ಹಾಗೇ ಇತ್ತು. 78ರ ವಯಸ್ಸಿನಲ್ಲಿ ಅದನ್ನು ಓದಬೇಕಾಗಿ ಬಂದ ಅವರ ಸಂಕಟ ನೆನೆಸಿಕೊಳ್ಳಿ. ಐಪಿ ಹಿಡಿದು ಹೋದವರಿಗೆ ಸಿಕ್ಕಿದ್ದು ನ್ಯಾಶ್‌ವಿಲ್‌ನ ಒಂದು ಕಂಪನಿ, ಅಷ್ಟೇ. ಅಲ್ಲಿನ ಕೆಲಸಗಾರರೊಬ್ಬರು ತಾವೇ ಒಪ್ಪಿಕೊಂಡಿದ್ದರಿಂದ ಹೆಸರು ಹೊರಬಂತು. ಒಪ್ಪದೇ ಹೋಗಿದ್ದರೆ ಆ ಕಚೇರಿಯ ಎಲ್ಲರೂ ಅನುಮಾನದ ಕೆಳಗೇ ಇರುತ್ತಿದ್ದರು, ಅಲ್ವಾ?

2007ರಲ್ಲಿ ವರ್ಜಿಲ್ ಗ್ರಿಫಿತ್ ಎಂಬ ವಿದ್ಯಾರ್ಥಿ ಇದನ್ನೇ ದೊಡ್ಡದಾಗಿ ಮಾಡಿದರು. ಅವರ ವಿಕಿಸ್ಕ್ಯಾನರ್ ಎಂಬ ಸಾಧನ 3 ಕೋಟಿಗೂ ಹೆಚ್ಚು ಅನಾಮಧೇಯ ಸಂಪಾದನೆಗಳನ್ನು ಐಪಿ ಒಡೆತನದ ಪಟ್ಟಿಯ ಜೊತೆ ಹೋಲಿಸಿತು. ಮತಯಂತ್ರ ತಯಾರಿಸುತ್ತಿದ್ದ ಡೀಬೋಲ್ಡ್ ಕಂಪನಿಯ ಐಪಿಯಿಂದ, ಆ ಯಂತ್ರಗಳ ಬಗ್ಗೆ ಇದ್ದ ಟೀಕೆಯ ಪ್ಯಾರಾಗಳನ್ನೇ ಅಳಿಸಿದ್ದು ಸಿಕ್ಕಿತು. ಇಲ್ಲೂ ಗೊತ್ತಾಗಿದ್ದು ಕಂಪನಿಯ ಹೆಸರು ಮಾತ್ರ. ಕಂಪನಿಯೇ ಅಳಿಸಿ ಅಂದಿತ್ತೋ, ಯಾರೋ ನೌಕರ ಸುಮ್ನೆ ಅಳಿಸಿದನೋ, ಐಪಿ ಹೇಳುವುದಿಲ್ಲ.

ಮೊಬೈಲ್ ಡೇಟಾದಲ್ಲಿ ಇನ್ನೂ ಗೋಜಲು. ಐಪಿವಿ4, ಅಂದರೆ ಮೇಲೆ ಕಂಡಂಥ ನಾಲ್ಕು ಅಂಕಿಗಳ ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ, ಲೋಕಕ್ಕೆಲ್ಲ ಸಾಲುವುದಿಲ್ಲ. ಅದಕ್ಕೇ ಒಂದೇ ವಿಳಾಸವನ್ನು ಬಹಳಷ್ಟು ಫೋನ್‌ಗಳಿಗೆ ಹಂಚುತ್ತಾರೆ. ಈಗ ನಿಮ್ಮದು, ಸ್ವಲ್ಪ ಹೊತ್ತಿಗೆ ಬೇರೆಯವರದು. ಒಂದೇ ಐಪಿಯಿಂದ ಎರಡು ಕೆಟ್ಟ ಬದಲಾವಣೆ ಕಂಡರೆ ‘ಒಬ್ಬನದೇ ಕೆಲಸ’ ಅಂತ ದಯವಿಟ್ಟು ಬರೆಯಬೇಡಿ.

ಖಾತೆಯಿಲ್ಲದೆ ಬರೆಯುವವರಿಗೆ ಈಗ ತಾತ್ಕಾಲಿಕ ಖಾತೆಗಳು ಬಂದಿವೆ. ಐಪಿ ಬದಲು ~ ಗುರುತು ಮತ್ತು ಆ ವರ್ಷದಿಂದ (~2025 ಥರ) ಶುರುವಾಗುವ ಒಂದು ಸಂಖ್ಯೆ ಕಾಣುತ್ತದೆ. ಅದು ಬ್ರೌಸರ್‌ನ ಕುಕಿಗೆ (ಜಾಲತಾಣ ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತಿಗೆ) ಅಂಟಿಕೊಂಡು 90 ದಿನ ಇರುತ್ತದೆ. ಐಪಿ ನೋಡಲು ಅನುಮತಿ ಪಡೆದ ಕೆಲವರಿಗಷ್ಟೇ ಸಾಧ್ಯ. ಹಳೆಯ ಸಂಪಾದನೆಗಳ ಐಪಿಗಳು ಮಾತ್ರ ಇತಿಹಾಸದಲ್ಲಿ ಇವತ್ತಿಗೂ ಎಲ್ಲರಿಗೂ ಕಾಣುತ್ತವೆ.