ದೋಣಿಯ ಡೀಸೆಲ್ ಇಂಜಿನ್: ಎಲ್ಲಿವರೆಗೆ ನಾವೇ ಬಿಚ್ಚಬಹುದು?

ದಾವಣಗೆರೆಯಲ್ಲಿ ಡೀಸೆಲ್ ಕೆಲಸ ಕಲಿಯುವ ನಮ್ಮ ಕೈಗೆ ಸಿಗುವುದು ಪಂಪ್‌ಸೆಟ್, ಟಿಲ್ಲರ್, ಟ್ರ್ಯಾಕ್ಟರ್. ಮುಂದೆ ಮಲ್ಪೆ, ಮಂಗಳೂರು ಕಡೆ ಹೋದರೆ ದೋಣಿಯ ಇಂಜಿನ್ ಎದುರಾಗುತ್ತದೆ. ಒಳಗಿನ ಕೆಲಸ ಒಂದೇ. ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಒತ್ತಿದಾಗ ಅದು ಕಾಯುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಬೇರೆಯಾಗುವುದು ಮುಖ್ಯವಾಗಿ ನೀರಿನ ವಿಷಯ.

ಇಂಜಿನ್ ಸ್ಟಾರ್ಟ್ ಆಗುತ್ತಿಲ್ಲ ಅಂದ ಕೂಡಲೇ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಬೇಡಿ. ಮೊದಲು ಡೀಸೆಲ್ ಬರ್ತಿದೆಯಾ ನೋಡಿ. ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿನಲ್ಲಿ ನೀರಿರಬಹುದು, ಲೈನಿಗೆ ಗಾಳಿ ಹೊಕ್ಕಿರಬಹುದು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿ. ಇದನ್ನು ಪಂಪ್‌ಸೆಟ್‌ನಲ್ಲಿ ಎಷ್ಟೋ ಸಲ ಮಾಡಿದ್ದೇವೆ, ಅಲ್ವಾ?

ಆದರೆ ನಮ್ಮವರು ಎಡವುವುದು ಇಲ್ಲೇ. ಕೆಲವು ದೋಣಿಗಳಲ್ಲಿ ಇಂಜಿನ್ನನ್ನು ತಂಪು ಮಾಡಿದ ಸಮುದ್ರದ ನೀರು ಸೈಲೆನ್ಸರ್ ಮೂಲಕವೇ ಹೊರಹೋಗುತ್ತದೆ. ಅದನ್ನು ತಳ್ಳುವುದು ಹೊಗೆಯ ಒತ್ತಡ. ಇಂಜಿನ್ ಹಿಡಿಯದೆ ಸುಮ್ನೆ ಕ್ರ್ಯಾಂಕ್ ಮಾಡುತ್ತಾ (ಇಂಜಿನ್ ತಿರುಗಿಸುತ್ತಾ) ಹೋದರೆ ಹೊಗೆ ಇಲ್ಲ, ನೀರು ಮಾತ್ರ ತುಂಬುತ್ತದೆ. ತುಂಬಿ ಹಿಂದಕ್ಕೆ ಸಿಲಿಂಡರಿಗೇ ಇಳಿಯಬಹುದು. ನೀರನ್ನು ಒತ್ತಲು ಆಗುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಣ್ಣ ರಿಪೇರಿ ದೊಡ್ಡದಾಗುವುದು ಹೀಗೆ. ಜಾಸ್ತಿ ಹೊತ್ತು ಕ್ರ್ಯಾಂಕ್ ಮಾಡಬೇಕಾದರೆ ಸಮುದ್ರದ ನೀರು ಒಳಬರುವ ವಾಲ್ವ್ ಮುಚ್ಚಿ, ಇಂಜಿನ್ ಹಿಡಿದ ತಕ್ಷಣ ತೆರೆಯಿರಿ. ಮರೆತರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಎಸಳಿನ ಚಕ್ರ) ಒಣಗಿ ಹರಿದುಹೋಗುತ್ತದೆ.

ಇಂಪೆಲ್ಲರ್ ಬದಲಾಯಿಸುವುದು ಸುಲಭ, ನೀವೇ ಮಾಡಿ. ಆದರೆ ಮುರಿದ ಎಸಳುಗಳನ್ನು ತಪ್ಪದೆ ಎಣಿಸಿ. ಒಂದು ಕಡಿಮೆ ಬಿದ್ದರೂ ಅದು ಮುಂದೆ ಪೈಪಿನಲ್ಲೋ ಕೂಲರಿನಲ್ಲೋ ಸಿಕ್ಕಿಕೊಂಡಿರುತ್ತದೆ.

ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರಿಗೆ ಕಳಿಸುವ ಇಂಜೆಕ್ಷನ್ ಪಂಪಿಗೆ ನಾನಂತೂ ಕೈ ಹಾಕುವುದಿಲ್ಲ. ಒಳಗಿನ ಪ್ಲಂಜರಿನ (ಡೀಸೆಲ್ ಒತ್ತುವ ಕಡ್ಡಿಯ) ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಡೀಸೆಲ್ ಚಿಮ್ಮುವ ನಾಜಲ್‌ನ ಒತ್ತಡ ನೋಡಲು ಟೆಸ್ಟರ್ ಬೇಕು. ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ, ಹಾಗೇನಾದರೂ ಆದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಸ್ಟಾರ್ಟ್ ಮಾಡದೆ ಅನುಭವಸ್ಥರನ್ನು ಕರೆಸಿ.

ಗದ್ದೆಯಲ್ಲಿ ಪಂಪ್‌ಸೆಟ್ ನಿಂತರೆ ನಡೆದು ಮನೆಗೆ ಬರಬಹುದು. ಸಮುದ್ರದ ನಡುವೆ ಹಾಗಾಗುವುದಿಲ್ಲ. ಯಾವುದೇ ರಿಪೇರಿಯಾದ ಮೇಲೆ ದೋಣಿಯನ್ನು ದಡದಲ್ಲೇ ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ ಅರ್ಧ ಗಂಟೆ ಓಡಿಸಿ. ನೀರು ಸರಿಯಾಗಿ ಹೊರಬರುತ್ತಿದೆಯಾ, ಎಲ್ಲಾದರೂ ಸೋರುತ್ತಿದೆಯಾ ನೋಡಿದ ಮೇಲೆಯೇ ಹಗ್ಗ ಬಿಚ್ಚಿ.